ಮಗುವಿನ ಕನ್ನಡಕ ಜಾರುತ್ತಿದೆಯೇ?

ಕನ್ನಡಕ ಕೊಡಿಸಿ ತಿಂಗಳಾಗಿಲ್ಲ, ಮಗು ಆಗಲೇ ತೆಗೆದಿಡುತ್ತಿದೆಯೇ? ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ಇಣುಕಿ ನೋಡುತ್ತಿದೆಯೇ? ಗದರುವ ಮೊದಲು ಕನ್ನಡಕವನ್ನು ಪರೀಕ್ಷಿಸಿ. ಎಷ್ಟೋ ಸಲ ತಪ್ಪು ಮಗುವಿನದಲ್ಲ, ಫ್ರೇಮಿನದು.

ಚಿಕ್ಕ ಮಕ್ಕಳ ಮೂಗು ಮೇಲ್ಭಾಗದಲ್ಲಿ ಚಪ್ಪಟೆಯಾಗಿರುತ್ತದೆ. ಆದ್ದರಿಂದ ಶಾಲೆಯ ಯೂನಿಫಾರಂನಂತೆ 'ಮುಂದಿನ ವರ್ಷಕ್ಕೂ ಆಗಲಿ' ಎಂದು ದೊಡ್ಡ ಫ್ರೇಮ್ ಕೊಳ್ಳಬೇಡಿ. ಹಾಕಿಕೊಂಡಾಗ ಕಣ್ಣು ಗಾಜಿನ ಮಧ್ಯಭಾಗಕ್ಕೆ ಬರಬೇಕು. ರೆಪ್ಪೆಗೂದಲು ಗಾಜಿಗೆ ತಾಗಬಾರದು. ಕಡ್ಡಿಯ ಬಾಗು ಕಿವಿಗಿಂತ ಹಿಂದಿದ್ದರೆ ಕನ್ನಡಕ ಜಾರುತ್ತದೆ. ಮುಂದಿದ್ದರೆ ಕಿವಿಯ ಹಿಂಬದಿಗೆ ಒತ್ತಿ ನೋಯುತ್ತದೆ. ಮೂಗಿನ ಮೇಲೆ, ಕಿವಿಯ ಹಿಂದೆ ಕೆಂಪು ಗುರುತು ಉಳಿಯುತ್ತಿದೆಯೇ ನೋಡಿ.

ಮನೆಯಲ್ಲೇ ಬಗ್ಗಿಸಲು ಹೋಗಬೇಡಿ. ಕನ್ನಡಕದ ಅಂಗಡಿಯವರು ಕಡ್ಡಿಯನ್ನು ಬಿಸಿ ಮಾಡಿ ಸರಿಯಾಗಿ ಬಾಗಿಸಿಕೊಡುತ್ತಾರೆ. ಮೂಗಿಗೆ ಮೆತ್ತನೆಯ ಸಿಲಿಕೋನ್ ಪ್ಯಾಡ್ ಹಾಕಿಸಬಹುದು. ಓಡಾಡುವ ಪುಟಾಣಿಗಳಿಗೆ ತಲೆಯ ಹಿಂದಿನಿಂದ ಎಲಾಸ್ಟಿಕ್ ಪಟ್ಟಿ ಅನುಕೂಲ. ಕನ್ನಡಕವನ್ನು ಎರಡೂ ಕೈಗಳಿಂದ ತೆಗೆಯುವುದನ್ನು ಕಲಿಸಿ. ಒಂದೇ ಕೈಯಿಂದ ಎಳೆದರೆ ಫ್ರೇಮ್ ಸೊಟ್ಟಗಾಗುತ್ತದೆ.

ಇದು ಬರೀ ಅಂದದ ಮಾತಲ್ಲ. ಕನ್ನಡಕದ ಮೇಲಿನಿಂದ ನೋಡುವ ಮಗುವಿಗೆ ಅದನ್ನು ಹಾಕಿಯೂ ಪ್ರಯೋಜನವಿಲ್ಲ. ಒಂದು ಕಣ್ಣಿನ ದೃಷ್ಟಿ ಮಂದವಾಗಿದ್ದರೆ, ಮಿದುಳು ಆ ಕಣ್ಣನ್ನು ಕ್ರಮೇಣ ಅಲಕ್ಷಿಸಿಬಿಡುತ್ತದೆ. ಇದಕ್ಕೆ ಏಳೆಂಟು ವರ್ಷದೊಳಗೆ ಮಾಡುವ ಚಿಕಿತ್ಸೆಯೇ ಹೆಚ್ಚು ಫಲಕಾರಿ.

ಫ್ರೇಮ್ ಸರಿಯಾಗಿದ್ದೂ ಮಗು ಕನ್ನಡಕ ಬೇಡವೆಂದರೆ ಸುಮ್ಮನಿರಬೇಡಿ. ನಂಬರು ಸರಿಯಿದೆಯೇ ಎಂದು ಕಣ್ಣಿನ ವೈದ್ಯರಲ್ಲಿ ಮತ್ತೊಮ್ಮೆ ತೋರಿಸಿ.