ಕಾಳಿಗೆ ನಿಲ್ಲಿಸಿದ ಕಲ್ಲು

ದೋಸ್ತರು ಕೂಡಿದರೆ ನಾವು ಚಹಾ ಕುಡಿಯುತ್ತೇವೆ. ಹಿಂದೆ ಜಪಾನಿನ ಯೋಧರೂ ಹಾಗೇ. ಕತ್ತಿ ಹೊರಗಿಟ್ಟು ಚಹಾದ ಕೋಣೆಗೆ ಹೋಗುತ್ತಿದ್ದರು. ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುತ್ತಿದ್ದರು.

ನಮ್ಮ ಕಡೆಯ ಬಂಟರ ಸ್ನೇಹ ಕೇಳ್ರಿ. ಆಗ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ದೊರೆ ಮೂರನೇ ಕೃಷ್ಣ. ಅವನ ಭಾವ ಗಂಗರ ಬೂತುಗ. 949ರಲ್ಲಿ ತಕ್ಕೋಲದಲ್ಲಿ ಚೋಳರ ಸಂಗಡ ಕಾಳಗ ಆಯಿತು. ಬೂತುಗನ ಬಂಟ ಮಣಲೇರ ಮುಂದೆ ನಿಂತು ಕಾದಿದ. ಒಡೆಯ ಮೆಚ್ಚಿದ, ಬೇಕಾದ್ದು ಬೇಡು ಅಂದ. ಮಣಲೇರ ಬೇಡಿದ್ದೇನು? ಕಾಳಿ ಎಂಬ ಬೇಟೆನಾಯಿ!

ಮುಂದೆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಸತ್ತವು. ಮಂಡ್ಯದ ಕಡೆ ಆತಕೂರಿನಲ್ಲಿ ಕಾಳಿಗೆ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ಹೊಲ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಅಕ್ಷರ ಬಹಳ ಹಳೆಯವು, ನಮಗೂ ಓದಲು ಬಾರದು. ನಾಯಿ, ಹಂದಿ ಮಾತ್ರ ಗುರುತು ಸಿಗುತ್ತವೆ.