ವುಝೂ ಮಾಡುವಲ್ಲಿ ಕಾಲು ಜಾರದಿರಲು: ಆ್ಯಂಟಿ ಸ್ಕಿಡ್ ಟೇಪನ್ನು ಅಳತೆಗೆ ಕತ್ತರಿಸುವ ಮುನ್ನ

ವುಝೂವಿನಲ್ಲಿ ಕೊನೆಗೆ ಬರುವುದು ಕಾಲು ತೊಳೆಯುವ ಸರದಿ. ಅಷ್ಟರಲ್ಲಿ ಕೈ, ಮುಖ ತೊಳೆದ ನೀರೆಲ್ಲ ನೆಲಕ್ಕೆ ಇಳಿದಿರುತ್ತದೆ. ಮನೆಯಲ್ಲಿ ನಮ್ಮಲ್ಲಿ ಹೆಚ್ಚಿನವರು ವಾಷ್ ಬೇಸಿನ್ ಮುಂದೆ ನಿಂತುಕೊಂಡೇ ವುಝೂ ಮಾಡುತ್ತೇವೆ. ಒಂದು ಕಾಲನ್ನು ಬೇಸಿನ್ನಿಗೆ ಎತ್ತಿ ಇಡುತ್ತೇವೆ. ಆಗ ಇಡೀ ಮೈಭಾರ ಒದ್ದೆ ಟೈಲ್ಸಿನ ಮೇಲಿರುವ ಇನ್ನೊಂದು ಪಾದದ ಮೇಲೆ. ಇಪ್ಪತ್ತರ ಹುಡುಗನಿಗೆ ಅದೇನೂ ದೊಡ್ಡದಲ್ಲ. ಎಪ್ಪತ್ತು ದಾಟಿದ ಅಜ್ಜಿ ಇದನ್ನೇ ದಿನಕ್ಕೆ ಐದು ಸಲ ಮಾಡುತ್ತಾರೆ, ಅದರಲ್ಲೊಂದು ಸಲ ಫಜ್ರ್‌ನ ನಿದ್ದೆಗಣ್ಣಿನಲ್ಲಿ.

ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವಘಡದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೇ. ಸಾಯದೆ ಉಳಿದವರ ಕಥೆಯೂ ಸಣ್ಣದಲ್ಲ. ಮೂಳೆ ಸವೆದ ವಯಸ್ಸಿನಲ್ಲಿ ಸೊಂಟದ ಬಳಿ ಮೂಳೆ ಮುರಿದರೆ ಶಸ್ತ್ರಕ್ರಿಯೆ, ವಾಕರ್, ತಿಂಗಳುಗಟ್ಟಲೆ ಇನ್ನೊಬ್ಬರ ಆಸರೆ. ಮೂಳೆ ಮುರಿಯದಿದ್ದರೂ ಒಮ್ಮೆ ಜಾರಿದವರ ಮನಸ್ಸಿನಲ್ಲಿ ಹೆದರಿಕೆ ಕೂತುಬಿಡುತ್ತದೆ. ಜಮಾಅತಿಗೆ ಹೋಗುವುದನ್ನೇ ನಿಲ್ಲಿಸಿದ ಹಿರಿಯರು ಎಲ್ಲ ಮೊಹಲ್ಲಾದಲ್ಲೂ ಇದ್ದಾರೆ.

ಹೀಗಾಗಿ ಈಗ ಮನೆಗಳಲ್ಲೂ ಮಸೀದಿಗಳಲ್ಲೂ ಆ್ಯಂಟಿ ಸ್ಕಿಡ್ ಟೇಪ್ ಅಂಟಿಸುವುದು ಕಾಣುತ್ತಿದೆ. ಒಳ್ಳೆಯ ಕೆಲಸವೇ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಸದಖವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಯಾವ ಟೇಪ್, ಯಾರ ಕಾಲಿಗೆ, ಹೇಗೆ ಕತ್ತರಿಸಿದ್ದು ಎಂಬುದನ್ನು ನೋಡದೆ ಅಂಟಿಸಿದರೆ ಜಾರುವುದು ತಪ್ಪಿ ಗಾಯವಾಗುವುದು ಶುರುವಾಗುತ್ತದೆ.

ಒದ್ದೆ ಟೈಲ್ಸ್ ಏಕೆ ಜಾರುತ್ತದೆ? ನುಣುಪು ಟೈಲ್ಸಿಗೂ ಪಾದಕ್ಕೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಅದು ತೆಳುವಾದ ಪದರವಾಗಿ ನಿಂತು ಪಾದವನ್ನು ನೆಲದಿಂದ ಬೇರೆ ಮಾಡುತ್ತದೆ. ಸೋಪಿನ ನೀರಾದರಂತೂ ಕೇಳುವುದೇ ಬೇಡ. ಒರಟು ಟೇಪಿನ ಮೇಲಿರುವ ಸಣ್ಣ ಸಣ್ಣ ಹರಳುಗಳು ಆ ನೀರಿನ ಪದರವನ್ನು ತೂರಿ ಮೇಲಕ್ಕೆ ಬಂದು ಕಾಲನ್ನು ಹಿಡಿಯುತ್ತವೆ. ಹರಳುಗಳ ನಡುವಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು ಬಣ್ಣದ, ಬಡಗಿಯ ಸ್ಯಾಂಡ್ ಪೇಪರಿನಂಥ ಟೇಪ್. ಅಗಲ 25 ಅಥವಾ 50 ಮಿಲಿಮೀಟರ್. ಮೇಲಿರುವುದು ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಇದು ಚಪ್ಪಲಿ ಕಾಲಿಗೆ ಮಾಡಿದ್ದು. ಅಂಗಳದ ಮೆಟ್ಟಿಲು, ಮಳೆಗಾಲದಲ್ಲಿ ಜಾರುವ ಇಳಿಜಾರು, ಮಾಳಿಗೆಯ ಮೆಟ್ಟಿಲಿನ ಅಂಚು ಇದಕ್ಕೆ ತಕ್ಕ ಜಾಗ. ವುಝೂ ಮಾಡುವಲ್ಲಿ ನಾವು ನಿಲ್ಲುವುದು ಬರಿಗಾಲಿನಲ್ಲಿ, ಅದೂ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದಲ್ಲಿ. ಒರಟು ಹರಳಿನ ಮೇಲೆ ಹಿಮ್ಮಡಿ ತಿರುಗಿಸಿದರೆ ಸಿಪ್ಪೆ ಏಳುತ್ತದೆ. ಓಡಿಬಂದ ಮಗು ಬಿದ್ದರೆ ಮಂಡಿ ಕೆತ್ತಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ. ಹಲವು ವರ್ಷಗಳ ಕಾಯಿಲೆಯಲ್ಲಿ ಪಾದದ ನರಗಳು ಸ್ಪರ್ಶ ಕಳೆದುಕೊಂಡಿರುತ್ತವೆ. ತರಚಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗುವಾಗ ಹುಣ್ಣಾಗಿರುತ್ತದೆ. ಅಂಥವರ ಮನೆಯ ಬಾತ್‌ರೂಮಿಗೆ ಹರಳಿನ ಟೇಪ್ ಬೇಡವೇ ಬೇಡ.

ಬರಿಗಾಲಿಗೆಂದೇ ಇನ್ನೊಂದು ಬಗೆ ಇದೆ. ಹರಳಿಲ್ಲ, ರಬ್ಬರಿನಂತೆ ಮೆತ್ತಗೆ, ಮೇಲ್ಮೈ ಉಬ್ಬು ತಗ್ಗಾಗಿರುತ್ತದೆ. ಬಿಳಿಯದು, ಬೂದು ಬಣ್ಣದ್ದು, ಪಾರದರ್ಶಕವಾದದ್ದೂ ಸಿಗುತ್ತದೆ. ಈಜುಕೊಳದ ಬದಿಗೆ, ಶವರಿನ ಕೆಳಗೆ ಎಂದು ಮಾರುತ್ತಾರೆ. ವುಝೂ ಜಾಗಕ್ಕೆ ಕೇಳಬೇಕಾದುದು ಇದನ್ನೇ. ಕೊಳ್ಳುವಾಗ ಅಂಗೈಯ ಹಿಂಭಾಗದಿಂದ ಸವರಿ ನೋಡಿ. ಕೈಗೆ ಉರಿಯಾದರೆ ಕಾಲಿಗೂ ಉರಿಯೇ.

ಈಗ ಕತ್ತರಿಸುವ ವಿಷಯ. ನೇರ ಪಟ್ಟಿ ಬೇಕಾದವರಿಗೆ ಯಾವ ಯಂತ್ರವೂ ಬೇಡ. ತೊಂದರೆ ಬರುವುದು ನೆಲದ ಜಾಲಿಯ ಸುತ್ತ, ನಲ್ಲಿಯ ಮುಂದಿನ ಕಲ್ಲಿನ ಆಸನದ ಬುಡದಲ್ಲಿ, ಹಳೆಯ ಹೌಝ್‌ನ ಬದಿಯ ದುಂಡು ಮೆಟ್ಟಿಲಿನಲ್ಲಿ. ಮಸೀದಿಯ ವುಝೂಖಾನೆಯಲ್ಲಿ ಹನ್ನೆರಡು ನಲ್ಲಿ ಇದ್ದರೆ ಒಂದೇ ಆಕಾರದ ಹನ್ನೆರಡು ತುಂಡು ಬೇಕು. ಇಂಥ ಕೆಲಸವನ್ನು ಈಗ ಜನ ಲೇಸರ್ ಕಟಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಕ್ರಿಲಿಕ್ ನಾಮಫಲಕ, ಎಂಡಿಎಫ್ ಅಲಂಕಾರ ಮಾಡಿಕೊಡುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಈ ಯಂತ್ರ ಇರುತ್ತದೆ.

ಟೇಪನ್ನು ಪದರ ಪದರವಾಗಿ ಬಿಡಿಸಿ ನೋಡಿದರೆ ಲೇಸರ್ ಏನು ಮಾಡುತ್ತದೆಂದು ತಿಳಿಯುತ್ತದೆ. ಎಲ್ಲಕ್ಕಿಂತ ಕೆಳಗೆ ಸುಲಿದು ಬಿಸಾಡುವ ಕಾಗದ. ಅದರ ಮೇಲೆ ಅಂಟು, ಪ್ಲಾಸ್ಟಿಕ್ ಹಾಳೆ, ಹರಳನ್ನು ಹಿಡಿದಿಡುವ ರಾಳ, ಕೊನೆಗೆ ಹರಳು. ಪ್ಲಾಸ್ಟಿಕ್ ಹಾಳೆ ಪಾಲಿಯೆಸ್ಟರ್ ಆಗಿದ್ದರೆ ಸುಮಾರು 260 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಕರಗಲು 2000 ಡಿಗ್ರಿ ದಾಟಬೇಕು. ಅಂದರೆ ಕಿರಣವು ಹರಳನ್ನು ಚಾಕುವಿನಂತೆ ಕೊಯ್ಯುವುದಿಲ್ಲ, ಅದರ ಕೆಳಗಿನ ಹಾಳೆಯನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಟೇಪನ್ನು ಬೋರಲು ಹಾಕಿ ಕಾಗದದ ಕಡೆಯಿಂದ ಕತ್ತರಿಸಿದರೆ ಅಂಚು ಚೊಕ್ಕಟವಾಗಿ ಬರುತ್ತದೆ. ಹಾಗೆ ಮಾಡುವಾಗ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊಡಬೇಕು. ಮರೆತರೆ ಬಲಗಾಲಿನ ಗುರುತು ಎಡಗಾಲಿನದಾಗಿ ಬರುತ್ತದೆ. ಕತ್ತರಿಸಿದ ಅಂಚಿನಲ್ಲಿ ಮಸಿಯೂ ಸಡಿಲವಾದ ಹರಳೂ ಉಳಿದಿರುತ್ತದೆ. ಅಂಟಿಸಿದ ದಿನವೇ ಬರಿಗಾಲಿನಲ್ಲಿ ಓಡಾಡದೆ, ಅಂಟು ಹಿಡಿದ ಮೇಲೆ ಒಮ್ಮೆ ಬ್ರಷ್ ಹಾಕಿ ತೊಳೆಯಬೇಕು.

ಇಲ್ಲಿಯೇ ದೊಡ್ಡ ಅಪಾಯವೊಂದಿದೆ. ಅಗ್ಗದ ಹರಳಿನ ಟೇಪುಗಳಲ್ಲಿ ಅನೇಕವುಗಳ ಹಾಳೆ ಪಾಲಿಯೆಸ್ಟರ್ ಅಲ್ಲ, ಪಿವಿಸಿ. ಬರಿಗಾಲಿಗೆ ಒಳ್ಳೆಯದೆಂದು ಮೇಲೆ ಹೇಳಿದ ಮೆತ್ತನೆಯ ಟೇಪೂ ಹೆಚ್ಚಾಗಿ ವಿನೈಲ್, ಅಂದರೆ ಪಿವಿಸಿಯೇ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕ್ಲೋರಿನ್. ಲೇಸರಿನ ಬಿಸಿಗೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ತೇವ ಸೋಕಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ, ಟಾಯ್ಲೆಟ್ ತೊಳೆಯಲು ತರುವ ಆ್ಯಸಿಡ್. ಕಣ್ಣಿನಲ್ಲೂ ಮೂಗಿನಲ್ಲೂ ಶ್ವಾಸಕೋಶದಲ್ಲೂ ತೇವ ಇದ್ದೇ ಇದೆ. ಯಂತ್ರದ ಲೋಹವೂ ತುಕ್ಕು ಹಿಡಿಯುತ್ತದೆ. ತಿಳಿದ ಅಂಗಡಿಯವರು ಪಿವಿಸಿ ಎಂದರೆ ಮುಟ್ಟುವುದಿಲ್ಲ. ತಿಳಿಯದವರ ಸಣ್ಣ ಕೋಣೆಯಲ್ಲಿ ಕೆಲಸಕ್ಕೆ ನಿಂತ ಹುಡುಗ ದಿನವಿಡೀ ಆ ಗಾಳಿಯನ್ನು ಉಸಿರಾಡುತ್ತಾನೆ. ನಮ್ಮ ಅಜ್ಜಿ ಜಾರಬಾರದೆಂದು ಇನ್ನೊಬ್ಬರ ಮಗನ ಎದೆ ಸುಡುವುದು ಸರಿಯಲ್ಲ.

ಆದ್ದರಿಂದ ಟೇಪ್ ಒಯ್ಯುವವರೇ ವಿಚಾರಿಸಿಕೊಂಡು ಒಯ್ಯಬೇಕು. ರೋಲಿನ ಪೆಟ್ಟಿಗೆಯ ಮೇಲೆ ಅಥವಾ ತಯಾರಕರ ಡೇಟಾ ಶೀಟಿನಲ್ಲಿ ಹಾಳೆ ಯಾವುದೆಂದು ಬರೆದಿರುತ್ತದೆ. ಪಿವಿಸಿ ಅಥವಾ ವಿನೈಲ್ ಎಂದಿದ್ದರೆ ಲೇಸರ್ ಬೇಡ. ಏನೂ ಬರೆದಿರದಿದ್ದರೂ ಬೇಡ. ಪಾಲಿಯೆಸ್ಟರ್ ಎಂದು ಸ್ಪಷ್ಟವಾಗಿದ್ದರೆ, ಹೊಗೆಯನ್ನು ಹೊರಗೆ ಎಳೆದು ಹಾಕುವ ಫ್ಯಾನ್ ಇದ್ದರೆ ಮಾತ್ರ ಮಾಡಿಸಬಹುದು. ಅಂಟು ಬೆಂಕಿ ಹಿಡಿಯುವಂಥದ್ದು, ಯಂತ್ರ ಓಡುವಷ್ಟು ಹೊತ್ತು ಒಬ್ಬರು ಪಕ್ಕದಲ್ಲೇ ಇರಬೇಕು. ಎಗುಡುತಗ್ಗು ನೆಲಕ್ಕೆಂದು ಅಲ್ಯೂಮಿನಿಯಂ ಹಾಳೆಯ ಟೇಪೂ ಬರುತ್ತದೆ. ನಾಮಫಲಕದ ಅಂಗಡಿಯ ಲೇಸರಿಗೆ ಅದು ಬಗ್ಗುವುದಿಲ್ಲ, ಕಿರಣ ಲೋಹಕ್ಕೆ ತಾಗಿ ವಾಪಸಾಗುತ್ತದೆ.

ಹಾಗಾದರೆ ವುಝೂ ಜಾಗದ ಮೆತ್ತನೆಯ ಟೇಪನ್ನು ಏನು ಮಾಡುವುದು? ಅದರಲ್ಲಿ ಹರಳೇ ಇಲ್ಲ, ಮನೆಯ ಕತ್ತರಿಗೇ ಸುಲಭವಾಗಿ ಬಗ್ಗುತ್ತದೆ. ಒಂದೇ ಆಕಾರದ ತುಂಡು ಬಹಳ ಬೇಕಿದ್ದರೆ ಸ್ಟಿಕರ್ ಕತ್ತರಿಸುವ ಪ್ಲಾಟರ್ ಇರುವ ಅಂಗಡಿಯಲ್ಲಿ ಕೇಳಬಹುದು. ಅದು ಬ್ಲೇಡಿನಿಂದ ಕೊಯ್ಯುವ ಯಂತ್ರ, ಹೊಗೆಯ ಮಾತಿಲ್ಲ. ದಪ್ಪ ಟೇಪಾದರೆ ಮೊದಲು ಒಂದು ತುಂಡಿನಲ್ಲಿ ನೋಡಿಕೊಳ್ಳಲಿ. ಹರಳಿನ ಟೇಪನ್ನು ಮನೆಯಲ್ಲೇ ಕತ್ತರಿಸುವುದಾದರೆ ಅಡುಗೆಮನೆಯ ಕತ್ತರಿಯನ್ನು ತರಬೇಡಿ, ಹತ್ತು ನಿಮಿಷದಲ್ಲಿ ಮೊಂಡಾಗುತ್ತದೆ. ಕಾಗದದ ಕಡೆಯಿಂದ ಕಟ್ಟರ್ ಬ್ಲೇಡಿನಲ್ಲಿ ಗೀರಿ ಬಗ್ಗಿಸಿ ಬಿಡಿಸಿ. ಹೇಗೆ ಕತ್ತರಿಸಿದರೂ ನಾಲ್ಕು ಮೂಲೆಗಳನ್ನು ದುಂಡಗೆ ಮಾಡಿ. ಒಂದು ನಾಣ್ಯ ಇಟ್ಟು ಗೆರೆ ಎಳೆದರೆ ಸಾಕು. ಚೂಪು ಮೂಲೆಯೇ ಮೊದಲು ಏಳುವುದು.

ಅಳತೆ ತೆಗೆಯಲು ಹಳೆಯ ಪತ್ರಿಕೆಯ ಹಾಳೆಯಷ್ಟು ಒಳ್ಳೆಯದು ಬೇರೆ ಇಲ್ಲ. ಜಾಗದ ಮೇಲೆ ಹರಡಿ, ಅಂಚನ್ನು ಬೆರಳಿನಿಂದ ಒತ್ತಿ, ಆ ಗುರುತಿನಲ್ಲಿ ಕತ್ತರಿಸಿ, ಮತ್ತೆ ಇಟ್ಟು ನೋಡಿ. ಅಂಗಡಿಯವರು ಅದನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಆಕಾರ ಬೇಕಾದಂತೆ ಮಾಡಿಸಬಹುದು ಎಂದಾದ ಮೇಲೆ ಕೆಲವರಿಗೆ ಅದರಲ್ಲಿ ಬರಹವೂ ಇರಲಿ ಅನಿಸುತ್ತದೆ. ಬಾಣದ ಗುರುತು, ಪಾದದ ಗುರುತು ಇರಲಿ. ಬಿಸ್ಮಿಲ್ಲಾಹ್ ಆಗಲಿ, ಅಲ್ಲಾಹನ ನಾಮವಾಗಲಿ, ಅಂಥ ನಾಮ ಸೇರಿದ ಮಸೀದಿಯ ಹೆಸರಾಗಲಿ ತುಳಿಯುವ ನೆಲದ ಮೇಲೆ ಬೇಡ. ವುಝೂವಿನ ಕ್ರಮ ಬರೆಯುವುದಿದ್ದರೆ ಗೋಡೆ ಇದೆ.

ಅಂಟಿಸುವಾಗ ಹೆಚ್ಚಿನವರು ಎಡವುತ್ತಾರೆ. ನಮ್ಮ ಮೊಹಲ್ಲಾದ ಮಸೀದಿಯಲ್ಲಿ ನಾವೇ ಕೆಲವರು ಸೇರಿ ಇಶಾ ಮುಗಿಸಿ ಅಂಟಿಸಿದೆವು, ಫಜ್ರ್‌ಗೆ ನೀರು ಬಿಟ್ಟೆವು. ಮೂರನೆಯ ವಾರದಲ್ಲಿ ಪಟ್ಟಿಗಳು ಬಾಳೆಸಿಪ್ಪೆಯಂತೆ ಎದ್ದುಬಂದವು. ಎರಡು ತಪ್ಪಾಗಿತ್ತು. ನೆಲ ಕಣ್ಣಿಗೆ ಒಣಗಿದಂತೆ ಕಂಡರೂ ಟೈಲ್ಸಿನ ಸಂದಿಯಲ್ಲಿ ತೇವವಿತ್ತು. ಮತ್ತೆ ಪಟ್ಟಿಯನ್ನು ಸಂದಿಗಳ ಮೇಲೆ ಅಡ್ಡಲಾಗಿ ಎಳೆದಿದ್ದೆವು, ಸಂದಿಯ ತಗ್ಗಿನಿಂದ ನೀರು ಅಡಿಗೆ ನುಗ್ಗಿತು. ಎರಡನೆಯ ಸಲ ನಲ್ಲಿಗಳನ್ನು ಅರ್ಧರ್ಧ ಮಾಡಿ, ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದಿಟ್ಟೆವು. ಪಾಚಿ, ಸೋಪಿನ ಜಿಡ್ಡು, ಗಡಸು ನೀರಿನ ಬಿಳಿ ಕರೆ ಎಲ್ಲ ಉಜ್ಜಿ ತೊಳೆದು, ಫ್ಯಾನ್ ಹಾಕಿ ಒಣಗಿಸಿ, ಸ್ಪಿರಿಟಿನಿಂದ ಒರೆಸಿ, ಪ್ರತಿ ಟೈಲ್ಸಿನ ಒಳಗೇ ನಿಲ್ಲುವಂತೆ ತುಂಡು ಮಾಡಿ ಅಂಟಿಸಿದೆವು. ಅಂಟಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ನೀರು ಸೋಕಿಸಲಿಲ್ಲ. ಪಟ್ಟಿಗಳ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದರಿಂದ ನೀರು ಜಾಲಿಯ ಕಡೆಗೆ ಹರಿದುಹೋಗುತ್ತದೆ. ರಮಝಾನ್ ಬರುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು, ಆಗ ಮುಚ್ಚಲು ಒಂದು ನಲ್ಲಿಯೂ ಬಿಡುವಾಗಿರುವುದಿಲ್ಲ.

ಕೆಲಸ ಮಾಡಿದವರ ಬೆರಳಿಗೆ, ಕಾಲಿಗೆ ಅಂಟು ಮೆತ್ತಿಕೊಂಡಿರುತ್ತದೆ. ಅದರ ಅಡಿಯ ಚರ್ಮಕ್ಕೆ ನೀರು ತಾಗುವುದಿಲ್ಲ. ಚರ್ಮಕ್ಕೆ ನೀರು ತಾಗದಂತೆ ಮಾಡುವ ಪದರ ಉಳಿದರೆ ವುಝೂ ಪೂರ್ಣವಾಗುವುದಿಲ್ಲವೆಂಬುದು ಗೊತ್ತಿದ್ದೂ ಇಲ್ಲಿ ಮರೆಯುತ್ತೇವೆ. ತೆಂಗಿನೆಣ್ಣೆ ಹಚ್ಚಿ ತಿಕ್ಕಿದರೆ ಅಂಟು ಬಿಡುತ್ತದೆ, ಆಮೇಲೆ ಸೋಪು ಹಾಕಿ ತೊಳೆಯಿರಿ. ಆ ಎಣ್ಣೆ ಮಾತ್ರ ನೆಲಕ್ಕೆ ಬೀಳದಿರಲಿ.

ಟೇಪ್ ಇದೆಯೆಂದು ಉಳಿದದ್ದನ್ನು ಬಿಡಬಾರದು. ವಯಸ್ಸಾದವರು ಗಟ್ಟಿಯಾದ ಸ್ಟೂಲಿನ ಮೇಲೆ ಕುಳಿತು ವುಝೂ ಮಾಡಲಿ, ಪಕ್ಕದ ಗೋಡೆಗೆ ಹಿಡಿಕೆ ಇರಲಿ. ನಲ್ಲಿಯನ್ನು ಪೂರ್ತಿ ತಿರುಗಿಸುವ ಅಭ್ಯಾಸವೂ ಹೋಗಬೇಕು. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸಿನಲ್ಲಿದೆ. ಇಂದಿನ ಅಳತೆಯಲ್ಲಿ ಅದು ಹೆಚ್ಚೆಂದರೆ ಒಂದು ಲೀಟರಿನಷ್ಟು. ಅಷ್ಟೇ ನೀರು ಬಳಸಿದರೆ ನೆಲದಲ್ಲಿ ನಿಲ್ಲುವ ನೀರೂ ಅಷ್ಟೇ.

ಟೇಪಿನ ಉಬ್ಬುತಗ್ಗಿನಲ್ಲಿ ಕೊಳೆ, ಸೋಪು, ಪಾಚಿ ಕೂರುತ್ತದೆ. ತುಂಬಿಹೋದರೆ ಅದೂ ಟೈಲ್ಸಿನಷ್ಟೇ ಜಾರುತ್ತದೆ. ವಾರಕ್ಕೊಮ್ಮೆ ನೈಲಾನ್ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ನೀರು ಹಾಕಿ, ಒಣಗಲು ಬಿಡಿ. ಹರಳಿನ ಟೇಪಿನ ಮೇಲೆ ನೆಲ ಒರೆಸುವ ಬಟ್ಟೆ ಎಳೆದರೆ ಬಟ್ಟೆಯ ನೂಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಚು ಎದ್ದ ತುಂಡಿಗೆ ಮತ್ತೆ ಗಮ್ ಹಾಕಿ ಕೂರಿಸಲು ಹೋಗಬೇಡಿ. ಎದ್ದ ಅಂಚಿಗೆ ಬೆರಳು ಸಿಕ್ಕಿ ಮುಗ್ಗರಿಸುವುದು ಜಾರುವುದಕ್ಕಿಂತ ಕೆಟ್ಟದ್ದು. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಸುತ್ತ ನೀರಿಲ್ಲದಾಗ ಮಾತ್ರ, ನಿಧಾನವಾಗಿ ಸುಲಿದು ತೆಗೆಯಿರಿ. ಉಳಿದ ಅಂಟನ್ನು ಸ್ಪಿರಿಟಿನಲ್ಲಿ ಒರೆಸಿ ಹೊಸ ತುಂಡು ಹಾಕಿ. ಅದಕ್ಕಾಗಿ ಮೊದಲ ಸಲ ಕತ್ತರಿಸಿದ ಆ ಪತ್ರಿಕೆಯ ಹಾಳೆಯನ್ನು ಮಡಚಿ ಎಲ್ಲಾದರೂ ಜೋಪಾನವಾಗಿ ಇಟ್ಟಿರಿ.