ಮೋಡದೊಳಗೆ ಹೋಗುವ ಮುನ್ನ ಕಿವಿ ಪಳಗಲಿ

ಕಿಟಕಿಯಾಚೆ ಬರೀ ಬಿಳುಪು. ನೆಲ ಕಾಣದು, ದಿಗಂತ ಕಾಣದು. ಸೆಸ್ನಾ 172ರಲ್ಲಿ ಕೂತ ಕಲಿಕೆಯ ಪೈಲಟ್ ಒಂದು ಮಾಪಕದಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುತ್ತಿದ್ದಾನೆ. ಅಷ್ಟರಲ್ಲಿ ಹೆಡ್‌ಸೆಟ್‌ನಲ್ಲಿ ನೆಲದ ಮೇಲಿನ ಕಂಟ್ರೋಲರ್ ಒಂದೇ ಉಸಿರಿಗೆ ಹೇಳುವ ನಾಲ್ಕು ಮಾತು: ಇಂಥ ಗುರುತಿನಿಂದ 4 ಮೈಲಿ ದೂರದಲ್ಲಿದ್ದೀರಿ, ಎಡಕ್ಕೆ ತಿರುಗಿ 280 ಡಿಗ್ರಿಗೆ ಬನ್ನಿ, ಲೋಕಲೈಜರ್ (ರನ್‌ವೇಯ ನೇರ ತೋರುವ ರೇಡಿಯೊ ಸಂಕೇತ) ಹಿಡಿಯುವವರೆಗೆ 2,000 ಅಡಿಯಲ್ಲೇ ಇರಿ, ಐಎಲ್‌ಎಸ್ ಅಪ್ರೋಚ್‌ಗೆ (ಅಂಥ ಸಂಕೇತ ಹಿಡಿದು ಇಳಿಯಲು) ಅನುಮತಿ ಇದೆ. ಇಷ್ಟನ್ನೂ ಕೇಳಿಸಿಕೊಂಡು, ವಿಮಾನ ತಿರುಗಿಸುತ್ತಲೇ, ಹೇಳಿದ್ದನ್ನು ತಪ್ಪಿಲ್ಲದೆ ಮರಳಿ ಒಪ್ಪಿಸಬೇಕು. 90 ನಾಟ್ ವೇಗದ ವಿಮಾನ ಈ ನಡುವೆ ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲಿ ದಾಟುತ್ತಲೇ ಇರುತ್ತದೆ.

ಉಪಕರಣಗಳನ್ನೇ ನಂಬಿ ಹಾರುವುದನ್ನು ಕಲಿಯುವಾಗ ಎಷ್ಟೋ ಜನರಲ್ಲಿ ಮೊದಲು ಎಡವುವುದು ಕಿವಿ. ರೇಡಿಯೊ ಭಾಷೆ ಹೊಸದಾಗಿದ್ದರೆ ಅರ್ಧ ಗಮನವನ್ನು ಅದೇ ನುಂಗಿಬಿಡುತ್ತದೆ, ಅಷ್ಟರಲ್ಲಿ ಎತ್ತರ 200 ಅಡಿ ಜಾರಿರುತ್ತದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ತೆತ್ತು ಹಾರಿಸುವ ವಿಮಾನದಲ್ಲಿ ಈ ಭಾಷೆಯ ಅಕ್ಷರಾಭ್ಯಾಸ ಮಾಡಬೇಕಾಗಿಲ್ಲ. ಮನೆಯ ಮೇಜಿನ ಮುಂದೆ ಕೂತೇ ಮಾಡಬಹುದು.

ನೆಲದ ಮೇಲಿನ ಈ ಅಭ್ಯಾಸಕ್ಕೆ ಹಳೆಯ ಬೇರಿದೆ. ಅಮೆರಿಕದ ಎಡ್ವಿನ್ ಲಿಂಕ್ ಆರ್ಗನ್ ವಾದ್ಯ ತಯಾರಿಸುವ ಮನೆತನದವನು. ಆ ವಾದ್ಯದ ತಿದಿಗಳನ್ನೇ ಬಳಸಿ 1929ರಲ್ಲಿ ಅಲುಗಾಡುವ ತರಬೇತಿ ಪೆಟ್ಟಿಗೆಯೊಂದನ್ನು ಕಟ್ಟಿದ. 1934ರಲ್ಲಿ ಅಂಚೆ ಸಾಗಿಸಲು ಹೊರಟ ಅಲ್ಲಿನ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರು ಸತ್ತ ಮೇಲಷ್ಟೇ ಸೇನೆ ಆ ಪೆಟ್ಟಿಗೆಗಳನ್ನು ಕೊಂಡಿತು. ಮುಚ್ಚಿದ ಪೆಟ್ಟಿಗೆಯೊಳಗೆ ಶಿಷ್ಯ, ಹೊರಗಿನ ಮೇಜಿನಲ್ಲಿ ಮೈಕ್ ಹಿಡಿದ ಗುರು.

ಇಂದು ಆ ಮೇಜು ಇಂಟರ್‌ನೆಟ್‌ಗೆ ಬಂದಿದೆ. ಮನೆಯ ಕಂಪ್ಯೂಟರಿನ ಹಾರಾಟ ಸಿಮ್ಯುಲೇಟರ್ ಜೋಡಿಸಬಹುದಾದ, 2001ರಲ್ಲಿ ಶುರುವಾದ ವ್ಯಾಟ್ಸಿಮ್ ಜಾಲದಲ್ಲಿ ಸ್ವಯಂಸೇವಕರು ಕಂಟ್ರೋಲರ್‌ಗಳಾಗಿ ಕೂರುತ್ತಾರೆ, ಶುಲ್ಕವಿಲ್ಲ. ಪೈಲಟ್‌ಎಡ್ಜ್ ಹಣ ಕೊಟ್ಟು ಸೇರುವ ಸೇವೆ. ಲಾಸ್ ಏಂಜಲಿಸ್ ಸುತ್ತಲಿನ ಆಕಾಶದಲ್ಲಿ ಹಂತಹಂತವಾಗಿ ಏರುವ 11 ಐಎಫ್‌ಆರ್ (ಉಪಕರಣ ನಂಬಿ ಹಾರುವ) ಪರೀಕ್ಷೆಗಳು ಅಲ್ಲಿವೆ. ಎರಡರಲ್ಲೂ ಆಚೆ ಬದಿಯಲ್ಲಿರುವುದು ಜೀವಂತ ಮನುಷ್ಯ, ನನ್ನ ದೃಷ್ಟಿಯಲ್ಲಿ ಅದೇ ಇದರ ಸತ್ವ. ಅವರು ಅವಸರ ಮಾಡುತ್ತಾರೆ, ಮಧ್ಯೆ ಬೇರೆ ವಿಮಾನಕ್ಕೆ ಉತ್ತರಿಸುತ್ತಾರೆ, ನೀವು ತಪ್ಪಿ ಒಪ್ಪಿಸಿದರೆ ತಿದ್ದುತ್ತಾರೆ. ನಾಲ್ಕು ಜನ ಕೇಳುತ್ತಿದ್ದಾರೆಂಬ ಅಳುಕಿನಲ್ಲಿ ಬಾಯಿ ಒಣಗುವುದೂ ನಿಜವೇ, ಮತ್ತು ಆ ಅಳುಕು ಕಳೆಯುವುದಕ್ಕೇ ಈ ಅಭ್ಯಾಸ.

ಸಿಮ್ಯುಲೇಟರ್ ತೆರೆಯುವ ಮೊದಲು ಒಂದು ಹಾಳೆ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ. ಅಮೆರಿಕದ ಪೈಲಟ್‌ಗಳು ಹಾಳೆಯ ಎಡ ಅಂಚಿನಲ್ಲಿ ಸಿ, ಆರ್, ಎ, ಎಫ್, ಟಿ ಎಂದು ಐದು ಅಕ್ಷರ ಕೆಳಕೆಳಗೆ ಬರೆದಿಟ್ಟುಕೊಳ್ಳುತ್ತಾರೆ. ಎಲ್ಲಿಯವರೆಗೆ ಅನುಮತಿ, ಯಾವ ದಾರಿ, ಎಷ್ಟು ಎತ್ತರ, ಯಾವ ಫ್ರೀಕ್ವೆನ್ಸಿ, ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ಯಾವ ಸಂಖ್ಯೆ (ಸ್ಕ್ವಾಕ್). ಕಂಟ್ರೋಲರ್ ಹೇಳುವ ಕ್ರಮವೂ ಅದೇ. ದಾರಿ, ಫ್ರೀಕ್ವೆನ್ಸಿ ಬಿಟ್ಟು ಹೇಳುವುದಾದರೆ, ‘ಸಾಂಟಾ ಬಾರ್ಬರಾಕ್ಕೆ ಅನುಮತಿ, 4,000 ಅಡಿಗೆ ಏರಿ, ಹೊರಟ 10 ನಿಮಿಷಕ್ಕೆ 6,000 ನಿರೀಕ್ಷಿಸಿ, ಸ್ಕ್ವಾಕ್ 4271’ ಎಂದು ಕೇಳಿಸಿದರೆ ಹಾಳೆಯ ಮೇಲೆ ಬೀಳುವುದು ಎಸ್‌ಬಿಎ, 40, 60/10, 4271 ಇಷ್ಟೇ. ಪೂರ್ತಿ ಪದ ಬರೆಯಲು ಹೋದವರು ಎರಡನೇ ಸಾಲಿನಲ್ಲೇ ಹಿಂದೆ ಬೀಳುತ್ತಾರೆ. ಸ್ಕ್ವಾಕ್‌ನಲ್ಲಿ 8 ಅಥವಾ 9 ಬರೆದಿದ್ದರೆ ನೀವು ತಪ್ಪಾಗಿ ಕೇಳಿಸಿಕೊಂಡಿದ್ದೀರಿ, ಟ್ರಾನ್ಸ್‌ಪಾಂಡರ್‌ನಲ್ಲಿ ಇರುವುದು 0ಯಿಂದ 7ರವರೆಗಿನ ಅಂಕಿಗಳು ಮಾತ್ರ. ತಿಳಿಯದಿದ್ದರೆ ‘ಸೇ ಅಗೇನ್’ ಅನ್ನಿ, ಊಹಿಸಿ ಒಪ್ಪಿಸಬೇಡಿ.

ಮನೆಯ ಈ ಗಂಟೆಗಳು ಲಾಗ್‌ಬುಕ್ಕಿಗೆ ಸೇರುವುದಿಲ್ಲ. ಅಮೆರಿಕದ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಉಪಕರಣ ನಂಬಿ ಹಾರುವ ಅರ್ಹತೆಗೆ) ಸಾಮಾನ್ಯ ದಾರಿಯಲ್ಲಿ ಬೇಕಾದ 40 ಗಂಟೆಗಳಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ಒಪ್ಪಿದ ತರಬೇತಿ ಯಂತ್ರದ ಗಂಟೆಗಳಿಗಷ್ಟೇ, ಅದೂ ಮಿತಿಯೊಳಗೆ, ಲೆಕ್ಕ ಸಿಗುತ್ತದೆ. ನೇರ ಹೋಗುತ್ತಿದ್ದರೂ ವಾಲಿದ್ದೇವೆಂದು ಒಳಗಿವಿ ಹೇಳುವ ಸುಳ್ಳನ್ನೂ ಮೇಜಿನ ಕುರ್ಚಿ ತೋರಿಸಲಾರದು.

ಆದರೆ ಒಂದನ್ನು ಮಾತ್ರ ಮೇಜಿನ ಮುಂದೆಯೇ ಚೆನ್ನಾಗಿ ಕಲಿಯಬಹುದು: ಮೌನ. ಆ ‘10 ನಿಮಿಷಕ್ಕೆ 6,000’ ಎಂಬ ಮಾತು ರೇಡಿಯೊ ಸತ್ತ ದಿನಕ್ಕಾಗಿ ಇಟ್ಟ ಬುತ್ತಿ. ಮೋಡದೊಳಗೆ ರೇಡಿಯೊ ಕೆಟ್ಟರೆ ಕೊಟ್ಟ ಎತ್ತರ, ನಿರೀಕ್ಷಿಸಲು ಹೇಳಿದ ಎತ್ತರ, ಆ ದಾರಿಯ ಕನಿಷ್ಠ ಎತ್ತರ ಇವುಗಳಲ್ಲಿ ಹೆಚ್ಚಿನದನ್ನು ಹಿಡಿಯಬೇಕೆಂಬುದು ಅಮೆರಿಕದ ನಿಯಮ. ಸಿಮ್ಯುಲೇಟರ್‌ನಲ್ಲಿ ಅದನ್ನು ಅಭ್ಯಾಸ ಮಾಡಲು ಕಂಟ್ರೋಲರ್‌ಗೆ ಮೊದಲೇ ತಿಳಿಸಿ, ಹೊರಟ ಸಮಯ ಬರೆದಿಟ್ಟುಕೊಂಡು, 4,000 ಅಡಿಯಲ್ಲಿ ಹೆಡ್‌ಸೆಟ್ ಕಳಚಿಡಿ. ಗಡಿಯಾರ ನೋಡುತ್ತಿರಿ. ಹತ್ತನೇ ನಿಮಿಷಕ್ಕೆ ಯಾರೂ ಹೇಳದೆ ವಿಮಾನವನ್ನು 6,000ಕ್ಕೆ ಏರಿಸಿ.